ಹಳದಿ ಬೀದಿಯ ನೀಲಿ ಮರ

ಇದನ್ನು ಹೇಳಲು ನಾನ್ಯಾರು ಎಂಬ ಅಳುಕು ಇದ್ದೇ ಇದೆ. ತಪ್ಪಿದ್ದರೆ ಕ್ಷಮಿಸಿ. ಸಂಜೆ ಕಾಲೇಜಿನಲ್ಲಿ ಓದಿ, ನಗರದ ತೋಟಗಾರಿಕೆ ಕಚೇರಿಯಲ್ಲಿ ಮರಗಳ ದಾಖಲೆ ಬರೆಯುವವಳು ನಾನು. ಈ ಹಳದಿ ಬೀದಿ ಇರುವ ಬಡಾವಣೆಯಲ್ಲಿ ನಾವೆಂದೂ ವಾಸವಿದ್ದವರಲ್ಲ.

ಅಲ್ಲಿ ಮನೆಗಳಿಗಿಂತ ಮೊದಲು ಬಂದದ್ದು ಮರಗಳು. ಬರೀ ಗಡಿಕಲ್ಲುಗಳಿದ್ದ ಕಾಲದಲ್ಲೇ ಬೀದಿಗೊಂದು ಜಾತಿ ಎಂದು ಗೊತ್ತುಮಾಡಿ ಸಸಿ ನೆಡಿಸಿದರು. ನಾಲ್ಕನೇ ಬೀದಿಗೆ ಹಳದಿ ಹೂವಿನದು. ನೆಟ್ಟವರು ಕಚೇರಿಯ ಮಾಲಿಯಾಗಿದ್ದ, ಈಗಿಲ್ಲದ ನನ್ನ ಅಪ್ಪ. ನಲವತ್ತೆರಡು ವರ್ಷದಲ್ಲಿ ಕೊಂಬೆಗಳು ಮೇಲೆ ಕೂಡಿಕೊಂಡು ಬೀದಿಗೆ ಚಪ್ಪರ ಹಾಕಿವೆ. ಹದಿನೇಳನೇ ನಂಬರಿನ ಮನೆಯ ಮುಂದೆ ಮಾತ್ರ ಒಂದು ಮರ ನೀಲಿ ಹೂ ಬಿಡುತ್ತದೆ.

"ಸಾಲು ಹಲ್ಲಿನ ಮಧ್ಯೆ ಒಂದು ಕಟ್ಟಿಸಿದ ಹಲ್ಲಿದ್ದ ಹಾಗಿದೆ ನೋಡಿ," ಎಂದರು ನಿವಾಸಿಗಳ ಸಂಘದ ಕಾರ್ಯದರ್ಶಿ, ದೂರು ಬಂತೆಂದು ಮರ ನೋಡಲು ಹೋದ ನನಗೆ. "ನಿಮ್ಮೋರು ಮಾಡಿದ ತಪ್ಪು. ನೀವೇ ಕಡಿಸಿ, ಹಳದಿದು ಹಾಕಿಸಿ."

ನಾನು ಯಾರ ಮಗಳೆಂದು ಹೇಳಲು ಬಾಯಿ ಬರಲಿಲ್ಲ.

ಎಳೆಯದರಲ್ಲಿ ಎರಡು ಸಸಿಗಳ ಎಲೆಯೂ ಒಂದೇ ಥರ, ಹೊಸಬರು ಮೋಸಹೋಗುತ್ತಾರೆ. ಆದರೆ ಅಪ್ಪ ಕಣ್ಣುಮುಚ್ಚಿ ಎಲೆ ಮುಟ್ಟಿಯೇ ಜಾತಿ ಹೇಳುತ್ತಿದ್ದರು. ಅಲ್ಲಿ ಮನೆಗಳೆದ್ದ ಮೇಲೆ ಅಮ್ಮ ಅದೇ ಹದಿನೇಳನೇ ಮನೆಗೆ ಕೆಲಸಕ್ಕೆ ಸೇರಿ, ಹತ್ತೊಂಬತ್ತು ವರ್ಷ ಕಿಟಕಿಯ ಪಕ್ಕ ನಿಂತು ಬಟ್ಟೆ ಇಸ್ತ್ರಿ ಮಾಡಿದವಳು.

ಮನೆಗೆ ಬಂದು ಕೇಳಿದೆ. "ಅಮ್ಮ, ಅಪ್ಪ ಅದನ್ನ ಬೇಕಂತಲೇ ನೆಟ್ಟಿದ್ರಾ?"

"ಅವರಾ? ಮದುವೆ ದಿನಾನೂ ಸಸಿಗೆ ನೀರು ಹಾಕಿ ತಡವಾಗಿ ಬಂದ ಮಹಾನುಭಾವರು! ನನಗೆ ಒಂದು ಎಸಳು ಹೂ ತಂದವರಲ್ಲ." ನಕ್ಕಳು. ಆಮೇಲೆ ಮೊಣಕಾಲು ನೀವಿಕೊಳ್ಳುತ್ತಾ, "ನಮ್ಮ ಶಾಲೆ ಮುಂದೆ ಅಂಥದ್ದೇ ಒಂದಿತ್ತು. ಮದುವೆಯಾದ ಹೊಸದರಲ್ಲಿ, ಆ ಬೀದಿಗೆ ಸಸಿ ನೆಡೋ ಮುಂಚೆ, ಅವರ ಹತ್ರ ಅದರ ಮಾತೇ ಆಡ್ತಿದ್ದೆ," ಎಂದಳು. ಮತ್ತೆ, "ಈ ವರ್ಷ ಹೂ ಬಿಟ್ಟಿದೆಯೇನೇ?" ಎಂದು ಕೇಳಿದಳು. ಅಲ್ಲಿಯವರೆಗೆ ನಡೆಯಲು ಅವಳಿಗೀಗ ಆಗುವುದಿಲ್ಲ.

ವರದಿಯಲ್ಲಿ ಬರೆದೆ: ಮರ ಗಟ್ಟಿಯಾಗಿದೆ, ಅಪಾಯವಿಲ್ಲ, ಉಳಿಸಬಹುದು. ಬೇರೆ ಜಾತಿ ನೆಟ್ಟ ಕಾರಣ: ಗೊತ್ತಿಲ್ಲ. ಕೆಳಗೆ, ನೆಟ್ಟವರು ನನ್ನ ತಂದೆ.

"ಇದನ್ನ ಯಾರಮ್ಮ ಕೇಳಿದ್ರು?" ಎಂದರು ಸಾಹೇಬರು.

"ಬರೀದಿದ್ರೆ ನಿದ್ದೆ ಬರಲ್ಲ ಸರ್."

ಅವರು ನಕ್ಕು ರುಜು ಹಾಕಿದರು. ಮರ ಉಳಿಯಿತು. ಅಂದು ಕೆಳಗೆ ಉದುರಿದ್ದ ಹೂಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಅಮ್ಮ ಅವನ್ನು ಬಟ್ಟಲು ನೀರಿಗೆ ಬಿಟ್ಟು ನೋಡುತ್ತಾ ಕೂತಳು.

ಅಪ್ಪ ಮರೆತು ನೆಟ್ಟರೋ, ನೆನಪಿಟ್ಟುಕೊಂಡು ನೆಟ್ಟರೋ, ನನಗೆ ಗೊತ್ತಿಲ್ಲ. ಅಷ್ಟು ವರ್ಷ ಕಿಟಕಿಯಲ್ಲಿ ಅದನ್ನು ನೋಡಿದ ಅಮ್ಮ ಅವರನ್ನು ಒಮ್ಮೆಯೂ ಯಾಕೆ ಕೇಳಲಿಲ್ಲ ಎಂಬುದೂ ಗೊತ್ತಿಲ್ಲ.