ಏನಂತ ಕರೀತೀರಿ

ಮುಂದಿನ ಸಾಲಿನ ಎಡಗಡೆಯ ಹಲ್ಲು, ಅದು ಹುಟ್ಟುಹಲ್ಲಲ್ಲ, ಕಟ್ಟಿಸಿದ್ದು, ಪಕ್ಕದವೆಲ್ಲ ಹಳದಿಗೆ ತಿರುಗಿ ಎಷ್ಟು ಕಾಲವಾಯಿತೋ, ಅದೊಂದು ಮಾತ್ರ ಸುಣ್ಣ ಬಳಿದಷ್ಟು ಬೆಳ್ಳಗಿದೆ, ಯಾವ ಮಹಾನುಭಾವ ಮಾಡಿದನೋ, ಬಣ್ಣ ಹೊಂದಿಸಿ ನೋಡುವ ಗೋಜಿಗೇ ಹೋಗಿಲ್ಲ — ಮೊಬೈಲ್ ಈ ಡಬ್ಬಿಗೆ ಹಾಕಿ, ಬೆಲ್ಟ್ ಬಿಚ್ಚಿ, ಎಂದು ವೀಸಾ ಕಚೇರಿಯ ಕಾವಲುಗಾರ ಬಾಯಿ ತೆರೆದಾಗ ಎದುರಿಗೆ ಸಾಲಿನಲ್ಲಿ ನಿಂತ ಇವನ ಕಣ್ಣು ಹೋದದ್ದು ಆ ಹಲ್ಲಿನ ಮೇಲೆಯೇ, ಹೋಗದೆ ಇನ್ನೇನು ಮಾಡೀತು, ಹಲ್ಲು ಕಟ್ಟುವುದೇ ಇವನ ಕಸುಬು, ಡಾಕ್ಟರುಗಳು ಕಳಿಸಿದ ಪ್ಲಾಸ್ಟರ್ ದವಡೆಗಳ ಮೇಲೆ ಮೇಣದಲ್ಲಿ ಒಸಡು ಕಟ್ಟಿ ಹಲ್ಲು ಕೂರಿಸಿ ಕೊಡುವುದು, ಯಾರ ಬಾಯಿಯೋ ಏನೋ, ಮುಖ ನೋಡಿದವನಲ್ಲ, ಊರಿನ ಅರ್ಧ ಜನ ನಗೋದು ನಮ್ಮ ಹುಡುಗನ ದಯೆಯಿಂದ ಎಂದು ಅವನಿಗೆ ಹೆಣ್ಣು ಹುಡುಕುವಾಗ ಅಕ್ಕ ಹೇಳಿಕೊಂಡು ತಿರುಗಿದ್ದಳು — ಮೊಬೈಲ್ ಡಬ್ಬಿಗೆ ಬಿತ್ತು, ಇನ್ನು ಹೆಂಡತಿ ಏನಾದರೂ ಮೆಸೇಜು ಕಳಿಸಿದರೂ ತಿಳಿಯುವ ಹಾಗಿಲ್ಲ, ಅವಳಿಗೆ ಆ ದೂರದ ದೇಶದಲ್ಲಿ ಈಗ ಬೆಳಗಿನ ಪಾಳಿ, ವೃದ್ಧಾಶ್ರಮದ ಮುದುಕರಿಗೆ ಮಾತ್ರೆ ನುಂಗಿಸುವ ಹೊತ್ತು, ಅವರಲ್ಲಿ ಎಷ್ಟು ಜನರ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲಿ ತೇಲುತ್ತಿರುತ್ತದೋ, ಒಂದು ಸಲ ವಿಡಿಯೋ ಕಾಲಿನಲ್ಲಿ ಒಂದನ್ನು ಎತ್ತಿ ತೋರಿಸಿ, ನೋಡಿ ರೀ, ನೀವು ಮಾಡಿದ್ದಾದ್ರೆ ಇಷ್ಟು ಕೆಟ್ಟದಾಗಿ ಇರ್ತಿರಲಿಲ್ಲ ಎಂದಿದ್ದಳು, ಆ ದಿನವೆಲ್ಲ ಅವನು ಖುಷಿಯಾಗಿದ್ದ. ಕುರ್ಚಿಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಪಕ್ಕದ ಹೆಂಗಸು ಕಾಲು ಅಲ್ಲಾಡಿಸಿದರೆ ಇವನೂ ಅಲ್ಲಾಡುತ್ತಾನೆ, ಗೋಡೆಯ ಮೇಲಿನ ನಂಬರು ಒಂದೊಂದೇ ಮುಂದೆ ಹೋಗುತ್ತಿದೆ, ತೊಡೆಯ ಮೇಲೆ ಫೈಲು, ಫೈಲಿನ ಅಡಿಯಲ್ಲಿ ಹೋದ ಸಲದ ತಿರಸ್ಕಾರದ ಕಾಗದ, ನೀವಿಬ್ಬರೂ ನಿಜವಾಗಿ ಗಂಡಹೆಂಡತಿಯರಾಗಿ ಬಾಳುತ್ತಿದ್ದೀರಿ ಎಂಬುದು ನಮಗೆ ಮನವರಿಕೆಯಾಗಿಲ್ಲ, ಮೊದಲು ಓದಿದಾಗ ನಗು ಬಂದಿತ್ತು, ಇವರಿಗೇನು ಮನವರಿಕೆ ಮಾಡಿಕೊಡೋದು, ಎಂದು, ಆಮೇಲೆ ಆ ವಾಕ್ಯ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತು, ನಾಲಿಗೆ ಸುಮ್ಮನಿರುವುದಿಲ್ಲ, ಹೋಗಿ ಹೋಗಿ ಅಲ್ಲೇ ತಡಕುತ್ತದೆ.

ಮದುವೆ ಸರ್ಟಿಫಿಕೇಟು ಇದೆಯಲ್ಲ ಎಂದು ಅವನು ಕೇಳಿದ್ದಕ್ಕೆ ಠಸ್ಸೆ ನಕ್ಕಿದ್ದ, ಠಸ್ಸೆ ಎಂದರೆ ವೀಸಾ ಅರ್ಜಿ ತುಂಬಿಕೊಡುವವನು, ಬೀದಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ, ಸರ್ಟಿಫಿಕೇಟು ಮದುವೆ ಆಗಿದೆ ಅನ್ನುತ್ತೆ ಸ್ವಾಮಿ, ಸಂಸಾರ ಮಾಡ್ತಿದ್ದೀರಿ ಅಂತ ಅನ್ನುತ್ತಾ, ಅವರಿಗೆ ಬೇಕಾಗಿರೋದು ಎರಡನೇದು, ನೌಕರಿಗೆ ಹೋದವಳ ಗಂಡ ಅಂತ ಹೇಳ್ಕೊಂಡು ಯಾರ್ಯಾರೋ ಬರ್ತಾರೆ, ಅದಕ್ಕೇ ಕೆದಕಿ ಕೇಳ್ತಾರೆ, ಫೋಟೋ ತನ್ನಿ, ಮೆಸೇಜು ತನ್ನಿ. ತಂದ. ಫೋಟೋದಲ್ಲೆಲ್ಲ ಇಬ್ಬರೂ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದಾರೆ, ಅಲ್ಲ ಸ್ವಾಮಿ, ಹೆಗಲ ಮೇಲೆ ಒಂದು ಕೈಯಾದ್ರೂ ಹಾಕಬಾರದಾ, ಅವಳೇನು ಕಚ್ಚುತ್ತಿದ್ದಳಾ. ಮೆಸೇಜುಗಳ ಕಟ್ಟನ್ನು ಠಸ್ಸೆ ಬೆರಳಿಗೆ ಎಂಜಲು ಹಚ್ಚಿ ತಿರುವುತ್ತಾ ಹೋದ, ಊಟ ಆಯ್ತಾ, ಆಯ್ತು, ನಿಮ್ದು, ಆಯ್ತು, ಮಲಗಿ, ಹೂಂ, ಮತ್ತೆ ಮಾರನೆಯ ದಿನ ಊಟ ಆಯ್ತಾ, ಹೂಂ, ತಿರುವಿದ ಕಡೆಯೆಲ್ಲ ಊಟ, ಇದೇನ್ ಸ್ವಾಮಿ, ಸಂಸಾರನೋ ಹೋಟ್ಲೋ, ಒಂದು ಒಳ್ಳೆ ಮಾತಿಲ್ಲ, ಒಂದು ಹೆಸರಿಲ್ಲ, ಯಾರು ಯಾರಿಗೆ ಬರೆದದ್ದು ಅಂತಾನೇ ಗೊತ್ತಾಗಲ್ಲ. ಅವನಿಗೆ ಮೈ ಉರಿದಿತ್ತು, ನಾಚಿಕೆಯೂ ಆಗಿತ್ತು, ಆ ಊಟ ಆಯ್ತಾ ಬರೆಯಲಿಕ್ಕೆ ಅವನು ಎಷ್ಟು ಹೊತ್ತು ಮೊಬೈಲ್ ಹಿಡಿದು ಕೂತಿರುತ್ತಿದ್ದ ಎನ್ನುವುದು ಕಾಗದದಲ್ಲಿ ಅಚ್ಚಾಗುವುದಿಲ್ಲ, ಬರೆದು ಅಳಿಸಿದ್ದೂ ಅಚ್ಚಾಗುವುದಿಲ್ಲ. ಆಮೇಲೆ ಠಸ್ಸೆ ಕುರ್ಚಿ ಹತ್ತಿರ ಎಳೆದುಕೊಂಡು ಪಾಠ ಶುರುಮಾಡಿದ್ದ, ಕೇಳೇ ಕೇಳ್ತಾರೆ, ಅವಳು ನಿಮ್ಮನ್ನ ಏನಂತ ಕರೀತಾಳೆ, ನೀವು ಅವಳನ್ನ ಏನಂತ ಕರೀತೀರಿ, ರೀ ಗೀ ಅಂದ್ರೆ ಅವರ ತಲೆಗೆ ಹೋಗಲ್ಲ, ಹೆಸರು ಹಿಡಿದು ಕರೀತೀನಿ, ಅವಳೂ ಹೆಸರು ಹಿಡಿದೇ ಕರೀತಾಳೆ ಅನ್ನಿ, ಮುಗೀತು, ಅವಳಿಗೂ ಹೇಳಿಡಿ, ಇಬ್ಬರದೂ ಒಂದೇ ಮಾತಾಗಿರಬೇಕು, ಸುಳ್ಳು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಮತ್ತೆ ತೆರೆಯಲ್ಲ. ಸುಳ್ಳು ಹೇಳಿಕೊಡುತ್ತಾ ಸುಳ್ಳು ಸಿಕ್ಕಿಬೀಳಬಾರದು ಎನ್ನುವ ಈ ಬುದ್ಧಿವಂತಿಕೆಗೆ ಅವನು ತಲೆಯಾಡಿಸಿ ಬಂದಿದ್ದ.

ಹೆಸರು. ಅರ್ಜಿಯಲ್ಲಿ ಎಷ್ಟು ಸಲ ಬರೆದಿದ್ದಾನೆ, ಬರೆಯುವುದಕ್ಕೇನೂ ಕಷ್ಟವಿಲ್ಲ, ಕೈಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ, ಮದುವೆಯಾದ ಮೊದಲ ದಿನ ಕರೆಯಬೇಕಿತ್ತು, ಆವತ್ತು ಸಂಕೋಚ, ಮಾರನೆಯ ದಿನ ಇನ್ನೂ ಸಂಕೋಚ, ಆಮೇಲೆ ಈಗ ಇದ್ದಕ್ಕಿದ್ದಂತೆ ಶುರುಮಾಡಿದರೆ ಅವಳು ಏನೆಂದುಕೊಂಡಾಳು ಎಂಬ ಸಂಕೋಚ, ಹೀಗೆ ಒಂದು ವರ್ಷದ ಸಂಸಾರ ಕಳೆದೇಹೋಯಿತು, ಅವಳು ವಿಮಾನ ಹತ್ತುವಾಗಲೂ, ನೋಡು, ಹುಷಾರು, ಎಂದಿದ್ದ ಅಷ್ಟೇ, ಆ ನೋಡು ಎನ್ನುವುದೇ ಹೆಸರು ಎಂದುಕೊಂಡರೆ ಹೆಸರು. ಠಸ್ಸೆಯ ಪಾಠವಾದ ಮೇಲೆ ತಾನು ಕೆಲಸ ಮಾಡುವ ಹಲ್ಲಿನ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ ಒಬ್ಬನೇ ಕೂತು ಹೇಳಿ ನೋಡಿದ, ಮೊದಲು ಪಿಸುಮಾತಿನಲ್ಲಿ, ಆಮೇಲೆ ಸ್ವಲ್ಪ ಜೋರಾಗಿ, ಎದುರಿಗೆ ಹಲ್ಲಿಲ್ಲದ ಪ್ಲಾಸ್ಟರ್ ದವಡೆಗಳ ಸಾಲು, ಅವೂ ನಗುತ್ತಿರುವ ಹಾಗೆ ಕಂಡಿತು, ಕಿವಿ ಕೆಂಪಾಯಿತು, ಯಾರದೋ ಹೆಂಡತಿಯನ್ನು ಕರೆದ ಹಾಗೆ. ಆ ವಾರದ ರಜೆಯ ದಿನ ಫೋನಿನಲ್ಲಿ ಧೈರ್ಯ ಮಾಡಿ ಹೆಸರು ಹಿಡಿದು ಕರೆದೇಬಿಟ್ಟ, ಆ ಕಡೆಯಿಂದ ಅವಳು, ಯಾರ ಹತ್ರ ಮಾತಾಡ್ತಿದ್ದೀರಿ, ಮನೇಲಿ ಯಾರಾದ್ರೂ ಇದ್ದಾರಾ, ಎಂದಳು, ಅವನು ಠಸ್ಸೆ ಹೇಳಿದ್ದನ್ನೆಲ್ಲ ಹೇಳಿದ, ಹೀಗೆ ಹೀಗೆ ಕೇಳುತ್ತಾರೆ, ಹೀಗೆ ಹೀಗೆ ಹೇಳು, ಅವಳು ಹೂಂ ಎಂದಳೋ ಇಲ್ಲವೋ ಈಗ ನೆನಪಾಗುತ್ತಿಲ್ಲ, ನೆನಪಿರುವುದು ಅದಾದ ಮೇಲಿನ ಮಾತು, ಈ ಸಲಾನೂ ಆಗದಿದ್ರೆ ಬಿಟ್ಟುಬಿಡೋಣ ರೀ. ಏನನ್ನು. ವೀಸಾವನ್ನೋ, ಆ ದೇಶವನ್ನೋ, ಅವನನ್ನೋ. ಕೇಳಬೇಕಿತ್ತು, ಕೇಳಲಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತಿತ್ತು, ಅವನು ಮತ್ತೆ ಊಟ ಆಯ್ತಾ ಎಂದ, ಅವಳು ಆಯ್ತು ಎಂದಳು, ಫೋನು ಇಟ್ಟಳು. ಅವತ್ತಿನಿಂದ ಅವನಿಗೆ ನಿದ್ದೆ ಸರಿಯಿಲ್ಲ, ಕಾಗದದವರು ಹೇಳಿದ್ದೇ ನಿಜವಿರಬಹುದಾ, ದೂರದಲ್ಲಿ ಕೂತ ಯಾರೋ ಒಬ್ಬರು ಫೈಲು ತಿರುವಿ ಕಂಡುಹಿಡಿದದ್ದನ್ನು ತಾನು ಜೊತೆಯಲ್ಲಿದ್ದೂ ಕಾಣಲಿಲ್ಲವಾ, ಇಲ್ಲ, ಹಾಗಲ್ಲ, ಸಂಜೆಗಳು ಇದ್ದವಲ್ಲ, ಲ್ಯಾಬಿನ ಕೆಲಸವನ್ನು ಮನೆಗೆ ತಂದು ಅಡುಗೆಮನೆಯ ಮೂಲೆಯ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದ ಸಂಜೆಗಳು, ಸ್ಪಿರಿಟ್ ದೀಪ, ಗುಲಾಬಿ ಮೇಣ, ಮೇಣದ ಚಾಕು, ಅವಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿರುವಳು, ತೊಳೆಯುತ್ತಲೇ ತಟ್ಟನೆ ತಿರುಗುವಳು, ಒದ್ದೆ ಮಣಿಕಟ್ಟಿನಿಂದ ಹಣೆಯ ಕೂದಲು ಹಿಂದಕ್ಕೆ ತಳ್ಳಿ, ಏನ್ರೀ, ಎನ್ನುವಳು, ಏನೂ ಇರುತ್ತಿರಲಿಲ್ಲ, ಕೇಳಿದಳಲ್ಲ ಎಂದು ಇವನು, ಸ್ವಲ್ಪ ನೀರು, ಎನ್ನುವನು, ಎಷ್ಟು ನೀರು ಕುಡಿದಿದ್ದಾನೆ ಆ ಒಂದು ವರ್ಷ, ಹೊಟ್ಟೆಯೆಲ್ಲ ನೀರು, ಆದರೂ ಅವಳು ಹಾಗೆ ತಾನಾಗಿಯೇ ತಿರುಗುತ್ತಿದ್ದಳಲ್ಲ, ಅದನ್ನು ಯಾವ ಫೈಲಿಗೆ ಸೇರಿಸುವುದು.

ನಂಬರು ಬಂದಿದೆ, ನಿಮ್ಮದೇ ಅಲ್ಲವಾ ಎಂದು ಪಕ್ಕದ ಹೆಂಗಸು, ಹೌದು, ನನ್ನದೇ, ಕಾಲು ಜೋಮು ಹಿಡಿದಿದೆ, ಕಿಟಕಿಯ ಗಾಜಿನ ಆಚೆ ಅಧಿಕಾರಿ, ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಅಂದವಾದ ಹಲ್ಲು, ಎಲ್ಲವೂ ಅವಳವೇ, ಪಕ್ಕದಲ್ಲಿ ದುಭಾಷಿ, ಕೂದಲು ನೆರೆತ ಮನುಷ್ಯ, ಮೇಲಿನ ಸೆಟ್ಟು ಸಡಿಲ, ಸಕಾರ ಬಂದಾಗಲೆಲ್ಲ ಸಣ್ಣ ಸಿಳ್ಳೆ, ಬಾಯಿ ಮುಚ್ಚಿದಾಗ ಟಿಕ್ ಎನ್ನುತ್ತದೆ, ಒಳಗೆ ಸ್ವಲ್ಪ ಮೇಣ ಕೊಟ್ಟು ಅಳತೆ ಮತ್ತೆ ತೆಗೆದರೆ ಸರಿಹೋದೀತು — ಹೆಸರು, ಹುಟ್ಟಿದ ದಿನ, ಮದುವೆಯ ದಿನ, ಎಲ್ಲ ಹೇಳಿದ, ಹೆಂಡತಿಗೆ ಯಾವ ಬಣ್ಣ ಇಷ್ಟ, ಅಯ್ಯೋ, ಯಾವುದು, ಹಸಿರು ಇರಬೇಕು, ಹಸಿರು ಎಂದ, ಹಾಸಿಗೆಯ ಯಾವ ಕಡೆ ಮಲಗುತ್ತಾಳೆ, ಗೋಡೆಯ ಕಡೆ, ಅದು ಗೊತ್ತಿದೆ, ಅದು ಗೊತ್ತಿಲ್ಲದೆ ಹೋದೀತಾ, ಅಧಿಕಾರಿ ಬರೆದುಕೊಳ್ಳುತ್ತಿದ್ದಾಳೆ, ತಲೆ ಎತ್ತುವುದಿಲ್ಲ, ದುಭಾಷಿ ಸಿಳ್ಳೆಯೊಂದಿಗೆ, ನೀವಿಬ್ರೂ ಒಬ್ಬರನ್ನೊಬ್ಬರು ಏನಂತ ಕರೀತೀರಿ ಅಂತ ಕೇಳ್ತಿದ್ದಾರೆ, ಬಂತು, ಠಸ್ಸೆ ಹೇಳಿದ ಹಾಗೇ ಬಂತು, ಹೆಸರು ಹಿಡಿದು ಎಂದ, ಇಬ್ಬರೂನಾ, ಇಬ್ಬರೂನೂ, ನಾಲಿಗೆ ಹೊರಳಿತಲ್ಲ, ಸದ್ಯ, ಗೆದ್ದೆ ಎನ್ನಿಸಿತು. ಅಧಿಕಾರಿ ತಲೆ ಎತ್ತಿದಳು. ಇನ್ನೊಂದು ಹಾಳೆ ತೆಗೆದು ಓದಿದಳು, ನಿಧಾನವಾಗಿ, ದುಭಾಷಿ ಕೇಳುತ್ತಾ ಕೇಳುತ್ತಾ ಇವನ ಮುಖ ನೋಡಿದ, ನೋಡಿ, ನಿಮ್ಮ ಹೆಂಡತಿಗೆ ನಿನ್ನೆ ಇವರು ಫೋನ್ ಮಾಡಿದ್ರಂತೆ, ಇದೇ ಪ್ರಶ್ನೆ ಕೇಳಿದ್ರಂತೆ, ನಾನು ಅವರನ್ನ ರೀ ಅಂತೀನಿ ಅಂದಿದ್ದಾರೆ, ಹಾಗಂದ್ರೇನು ಅಂದ್ರೆ ಹೇಳೋಕೆ ಬರಲ್ಲ ಅಂತ ನಕ್ಕಿದ್ದಾರೆ, ಅವರು ನನ್ನನ್ನ ಜೊತೆಗಿದ್ದಾಗ ಒಂದು ದಿನಾನೂ ಹೆಸರು ಹಿಡಿದು ಕರೆದಿಲ್ಲ, ಅವರು ಮನೇಲಿ ಹಲ್ಲಿನ ಕೆಲಸ ಮಾಡ್ತಾ ಕೂತಿರ್ತಾರೆ, ನಾನು ಬೇಕು ಅನ್ನಿಸಿದಾಗ ಕೈಲಿರೋ ಚಾಕೂನ ಮೇಜಿನ ಅಂಚಿಗೆ ಟಕ್ ಟಕ್ ಅಂತ ಬಡೀತಾರೆ, ನಾನು ತಿರುಗ್ತೀನಿ, ಅದೇ ಅವರು ಕರೆಯೋ ರೀತಿ, ಹೆಸರಿಗಿಂತ ನನಗೆ ಅದೇ ಇಷ್ಟ ಅಂತಾನೂ ಅಂದಿದ್ದಾರೆ. ಟಿಕ್ ಎಂದು ದುಭಾಷಿಯ ಬಾಯಿ ಮುಚ್ಚಿತು.

ಮೇಣ. ಅದು ಮೇಣ ಉದುರಿಸುವುದು, ಕಾಸಿದ ಚಾಕುವಿನ ತುದಿಗೆ ಹತ್ತಿದ ಮೇಣ ಗಟ್ಟಿಯಾದ ಮೇಲೆ ಮೇಜಿನ ಅಂಚಿಗೆ ಬಡಿದರೆ ಉದುರುತ್ತದೆ, ಹಲ್ಲು ಕಟ್ಟುವವರೆಲ್ಲ ಬಡಿಯುತ್ತಾರೆ, ಲ್ಯಾಬಿನಲ್ಲಿ ದಿನವಿಡೀ ಅದೇ ಸದ್ದು, ಯಾರೂ ಯಾರ ಕಡೆಗೂ ತಿರುಗುವುದಿಲ್ಲ, ಅವಳು ತಿರುಗುತ್ತಿದ್ದಳು, ತಾನಾಗಿ ತಿರುಗುತ್ತಾಳೆ ಎಂದುಕೊಂಡಿದ್ದ, ಅವಳು ಇವನು ಕರೆದ ಎಂದುಕೊಂಡಿದ್ದಳು, ಪಾತ್ರೆಯ ನೊರೆ ಕೈಯಲ್ಲೇ ಇರುವಾಗ, ಏನ್ರೀ, ಸ್ವಲ್ಪ ನೀರು, ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಲೋಟ ತುಂಬಿಸಿ ತಂದು ಇಡುತ್ತಿದ್ದಳು, ಒಂದು ದಿನವೂ ಬೇಸರಪಡದೆ, ಆ ದೇಶದಲ್ಲಿ ಕೂತು ಅಪರಿಚಿತರಿಗೆ ಅದನ್ನು ಹೇಳಿದ್ದಾಳೆ, ಠಸ್ಸೆಯ ಪಾಠವನ್ನು ಗಾಳಿಗೆ ತೂರಿ ನಿಜ ಹೇಳಿದ್ದಾಳೆ, ಬಿಟ್ಟುಬಿಡೋಣ ಎಂದದ್ದು ಅವನನ್ನಲ್ಲ, ಅವನನ್ನಲ್ಲ, ಅಷ್ಟು ಗೊತ್ತಾಯಿತಲ್ಲ, ಗೊತ್ತಾಗುವ ಹೊತ್ತಿಗೆ ಅವನು ಸುಳ್ಳು ಹೇಳಿ ಮುಗಿಸಿದ್ದಾನೆ. ದುಭಾಷಿ, ಇಬ್ಬರಲ್ಲಿ ಯಾರು ನಿಜ ಹೇಳ್ತಿದ್ದೀರಿ, ಚಾಕು ಬಡಿದು ಕರೀತಿದ್ದದ್ದು ಹೌದಾ ಅಲ್ವಾ, ಅಷ್ಟು ಹೇಳಿ ಸಾಕು, ಎನ್ನುತ್ತಿದ್ದಾನೆ. ಹೌದು ಎಂದರೆ ಈಗ ಹೇಳಿದ್ದು ಸುಳ್ಳು, ಬಾಗಿಲು ಮುಚ್ಚಿತು, ಅಲ್ಲ ಎಂದರೆ ಅವಳು ಸುಳ್ಳಿ, ಅದು ಕರೆದದ್ದಲ್ಲ ತಾಯಿ, ಮೇಣ ಉದುರಿಸಿದ್ದು ಎಂದರೆ, ಅದನ್ನು ಬರೆದುಕೊಳ್ಳುತ್ತಾರೆ, ಬರೆದದ್ದು ಎಂದಾದರೂ ಅವಳ ಕಿವಿಗೆ ಬೀಳುತ್ತದೆ, ಒಂದು ವರ್ಷ ಅವಳು ತಿರುಗಿದ್ದೆಲ್ಲ ಮೇಣಕ್ಕೆ — ನಿಜವಾಗಿಯೂ ಮೇಣವೇನಾ, ಲ್ಯಾಬಿನಲ್ಲಿ ತಾನು ಬಡಿಯುತ್ತೇನಾ, ಬಟ್ಟೆಗೆ ಒರೆಸುತ್ತೇನಾ, ನಿನ್ನೆ ಮಧ್ಯಾಹ್ನ ಏನು ಮಾಡಿದೆ, ಕೈಗೆ ಗೊತ್ತು, ಅವನಿಗೆ ಗೊತ್ತಿಲ್ಲ, ಲ್ಯಾಬಿನಲ್ಲೇ ಮುಗಿಸಬಹುದಾಗಿದ್ದ ಕೆಲಸವನ್ನು ದಿನಾ ಮನೆಗೆ ಯಾಕೆ ಹೊತ್ತು ತರುತ್ತಿದ್ದೆ, ಅಡುಗೆಮನೆಗೇ ಯಾಕೆ — ಹೇಳಿ, ಹಿಂದೆ ಜನ ಕಾಯ್ತಿದ್ದಾರೆ, ದುಭಾಷಿಯ ಸಿಳ್ಳೆ — ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತಿದೆ, ಬಾಯಿ ತೆರೆದ, ಅಲ್ಲಿ ಅಡುಗೆಮನೆಯಲ್ಲಿ ಚಾಕು ಮೇಜಿನ ಅಂಚಿಗೆ ತಾಗುತ್ತದೆ, ಅವಳು ತಿರುಗುತ್ತಾಳೆ, ಒದ್ದೆ ಮಣಿಕಟ್ಟು, ಹಣೆಯ ಕೂದಲು, ಏನ್ರೀ, ಮತ್ತೆ ತಾಗುತ್ತದೆ, ತಿರುಗುತ್ತಾಳೆ, ಏನ್ರೀ, ತಿರುಗುತ್ತಾಳೆ