ಚೆಂದಕ್ಕೆ ಜೋಡಿಸಿದ ಮೂರು ಸಾಲು

ನನಗೊಂದು ಚಾಳಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಸಾಲಾಗಿ ಜೋಡಿಸದಿದ್ದರೆ ಕೈ ಸುಮ್ಮನಿರುವುದಿಲ್ಲ. ಬಾಗಿಲ ಬಳಿ ಚಪ್ಪಲಿ, ಡ್ರಾಯರಿನಲ್ಲಿ ಚಮಚ, ಬಣ್ಣದ ಪ್ರಕಾರ ಗಂಡನ ಶರ್ಟುಗಳು. "ನಮ್ಮ ಸೊಸೆ ಬಿಟ್ರೆ ಹೊಗೇನೂ ಮಡಚಿ ಇಡ್ತಾಳೆ" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೊಗಳಿಕೆಯೋ ಕುಟುಕೋ ನನಗಿನ್ನೂ ಗೊತ್ತಾಗಿಲ್ಲ. ಆ ಚಾಳಿಯೇ ಒಂದು ಸೋಮವಾರ ಬೆಳಿಗ್ಗೆ ನನ್ನ ಕುತ್ತಿಗೆಗೆ ಬಂತು.

ನಮ್ಮ ಆಫೀಸಿನಲ್ಲಿ ತಯಾರಾಗುವುದು ಆಂಬುಲೆನ್ಸ್‌ಗಳಿಗೆ ದಾರಿ ತೋರಿಸುವ ಸಾಫ್ಟ್‌ವೇರ್. ನನ್ನ ಗಂಡ ಓಡಿಸುವುದೂ ಅಂಥದೇ ಒಂದು ಆಂಬುಲೆನ್ಸ್, ಆರನೇ ನಂಬರಿನದು. ನಾವು ಯಾವುದಾದರೂ ಫೈಲ್ ಬದಲಿಸಿದರೆ ಯಂತ್ರ ತಾನಾಗಿ ಹೊಸ ಆವೃತ್ತಿ ಕಟ್ಟಿ, ಪರೀಕ್ಷಿಸಿ, ಗಾಡಿಗಳ ಸ್ಕ್ರೀನಿಗೆ ಕಳಿಸುತ್ತದೆ. ಇದಕ್ಕೆ ಬಿಲ್ಡ್ ಎನ್ನುತ್ತೇವೆ; ಪ್ರತಿ ಬಿಲ್ಡಿಗೂ ಒಂದು ನಂಬರು, ಸರಿಯಾಗಿ ಮುಗಿದರೆ ನಮ್ಮ ಪರದೆಯಲ್ಲಿ ಹಸಿರು ಗುರುತು. ಯಾವ ಫೈಲ್ ಬದಲಾದರೆ ಬಿಲ್ಡ್ ಓಡಬೇಕು, ಯಾವುದಕ್ಕೆ ಬೇಡ ಎಂಬ ನಿಯಮ ಬರೆಯುವವಳು ನಾನು.

ನಿಯಮ ಮೂರೇ ಸಾಲು. ಏನು ಬದಲಾದರೂ ಬಿಲ್ಡ್ ಓಡಲಿ. ಬರೀ ಬರಹದ ಫೈಲಾದರೆ ಬೇಡ, ಯಾರೋ ಅಲ್ಪವಿರಾಮ ತಿದ್ದಿದ್ದಕ್ಕೆಲ್ಲ ಯಂತ್ರ ಏಕೆ ಬೆವರಬೇಕು? ಆದರೆ ಮುಚ್ಚಿದ ರಸ್ತೆಗಳ ಪಟ್ಟಿಯ ಫೋಲ್ಡರ್ ಆದರೆ ಬೇಕೇ ಬೇಕು, ಏಕೆಂದರೆ ಆ ಪಟ್ಟಿಯೂ ಬರೀ ಬರಹದ ಫೈಲೇ. ಸಾಲುಗಳು ಒಂದಕ್ಕೊಂದು ವಿರುದ್ಧ ಹೇಳಿದರೆ ಯಂತ್ರ ಕೊನೆಯ ಸಾಲಿನ ಮಾತು ಕೇಳುತ್ತದೆ. ನಮ್ಮ ಮನೆಯಲ್ಲಿ ಅತ್ತೆಯ ಮಾತು ನಡೆಯುವ ಹಾಗೆ.

ಆ ಸೋಮವಾರ ಹೊಳೆಯ ಸೇತುವೆಯನ್ನು ದುರಸ್ತಿಗೆಂದು ಮುಚ್ಚುವವರಿದ್ದರು. ನಮ್ಮ ಟೀಮ್ ಲೀಡ್, ಉದ್ದ ಕಾಲಿನವನಾದ್ದರಿಂದ ಎಲ್ಲರೂ ಕೊಕ್ಕರೆ ಎನ್ನುವವನು, ಒಂಬತ್ತಕ್ಕೇ ಅದನ್ನು ಪಟ್ಟಿಗೆ ಸೇರಿಸಿ "ಆಯ್ತು, ಹಸಿರು ಬಂತು" ಎಂದು ಘೋಷಿಸಿದ್ದ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಸುಮ್ಮನೆ ಬಿಲ್ಡುಗಳ ಪುಟ ತೆರೆದೆ. ಕೊನೆಯ ಬಿಲ್ಡಿನ ನಂಬರು ನಾನೂರ ಹನ್ನೆರಡು. ಶುಕ್ರವಾರ ಸಂಜೆಯೂ ಅದು ನಾನೂರ ಹನ್ನೆರಡೇ ಆಗಿತ್ತು.

ಅಂದರೆ ಹೊಸ ಬಿಲ್ಡ್ ಓಡಿಯೇ ಇರಲಿಲ್ಲ. ಮಾಡಲು ಕೆಲಸವೇ ಇಲ್ಲವೆಂದು ಯಂತ್ರ ತೀರ್ಮಾನಿಸಿದಾಗಲೂ ಅಲ್ಲಿ ಹಸಿರೇ ಕಾಣುತ್ತದೆ. ನಿಯಮದ ಫೈಲ್ ತೆರೆದೆ. ಶುಕ್ರವಾರ ಮನೆಗೆ ಹೊರಡುವ ಮುಂಚೆ, ಎರಡು 'ಬೇಕು' ಸಾಲುಗಳು ಒಟ್ಟಿಗಿದ್ದರೆ ಚೆಂದ ಕಾಣುತ್ತದೆಂದು 'ಬೇಡ' ಸಾಲನ್ನು ಎತ್ತಿ ಕೆಳಗೆ ಇಟ್ಟಿದ್ದೆ. ಅಂದಿನಿಂದ ಕೊನೆಯ ಮಾತು 'ಬೇಡ'ದ್ದೇ. ಸೇತುವೆ ಮುಚ್ಚಿದ ಸುದ್ದಿ ಯಾವ ಗಾಡಿಗೂ ಹೋಗಿರಲಿಲ್ಲ.

ಗಂಡ ಮೊದಲೆಲ್ಲ ತಿರುವಿಗೊಮ್ಮೆ ವೈರ್‌ಲೆಸ್ಸಿನಲ್ಲಿ ಬೇರೆ ಡ್ರೈವರುಗಳನ್ನು "ಆ ಕಡೆ ರಸ್ತೆ ಹೆಂಗಿದೆ?" ಎಂದು ಕೇಳುತ್ತಿದ್ದ. ನನಗೆ ಅದು ಅವಮಾನವೆನಿಸಿ, ಹೋದ ತಿಂಗಳು ಜಗಳ ತೆಗೆದಿದ್ದೆ. "ನಾವೇನು ಅಲ್ಲಿ ಕೂತು ಕಡಲೆಕಾಯಿ ತಿಂತಿದ್ದೀವಾ? ಸ್ಕ್ರೀನ್ ನಂಬು!" ಅಂದಿನಿಂದ ಅವನು ಕೇಳುವುದನ್ನು ಬಿಟ್ಟಿದ್ದ.

ಕೊಕ್ಕರೆ ನನ್ನ ಹಿಂದೆ ಬಂದು ನಿಂತ. "ಸಾಲು ಸರಿ ಮಾಡು, ಬಿಲ್ಡ್ ಹದಿನೇಳು ನಿಮಿಷ. ಆಮೇಲೆ ಖಾತ್ರಿ ಮಾಡ್ಕೊಂಡು ಹೇಳೋಣ. ಈಗ್ಲೇ ಫೋನ್ ಮಾಡಿದ್ರೆ ದೊಡ್ಡ ರಾದ್ಧಾಂತ ಆಗತ್ತೆ."

ಅವನ ಮಾತಿಗೆ ಒಂದು ಕ್ಷಣ ಮನಸ್ಸು ವಾಲಿದ್ದು ನಿಜ. ಹದಿನೇಳು ನಿಮಿಷದಲ್ಲಿ ಏನೂ ಆಗದೆ ಇದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆದರೆ ಕೈ ಆಗಲೇ ಆಂಬುಲೆನ್ಸ್‌ಗಳನ್ನು ಕಳಿಸುವ ಕಂಟ್ರೋಲ್ ರೂಮಿನ ನಂಬರು ಒತ್ತುತ್ತಿತ್ತು. ಅಲ್ಲಿ ಫೋನ್ ಎತ್ತುವ ಹಿರಿಯ ಹೆಂಗಸನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ.

"ಅಕ್ಕಾ, ಸೇತುವೆ ತೆರೆದಿದೆ ಅಂತ ಸ್ಕ್ರೀನ್ ಸುಳ್ಳು ಹೇಳ್ತಿದೆ. ತಪ್ಪು ನಂದು. ಯಾರನ್ನೂ ಆ ಕಡೆ ಬಿಡಬೇಡಿ."

"ಅಯ್ಯೋ, ಆರನೇ ಗಾಡಿ ಆಗ್ಲೇ ಹೋಯ್ತಲ್ಲಮ್ಮಾ. ನಿಮ್ಮನೆಯವರೇ. ಎದೆನೋವಿನ ಕೇಸು, ಟೈಲರ್ ಹೆಂಗಸು. ಜೊತೆಗೆ ಮಗಳೂ ಇದ್ದಾಳೆ."

ಅಕ್ಕ ಫೋನ್ ಕೆಳಗಿಡಲಿಲ್ಲ. ಅವರ ಹಿಂದಿನಿಂದ ವೈರ್‌ಲೆಸ್ ಕರಕರ ಎಂದು, ಗಂಡನ ದನಿ ಕೇಳಿತು. "ಸೇತುವೆ ಬಂದ್. ಹಿಂದೆ ಪೂರ್ತಿ ಜಾಮ್. ತಿರುಗಿಸೋಕೆ ಜಾಗ ಇಲ್ಲ." ಅವನು ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡುವವನಲ್ಲ.

ಎದುರಿನ ಪರದೆಯ ಮೇಲೆ ಕೊಕ್ಕರೆ ಬೆಳಿಗ್ಗೆ ಸೇರಿಸಿದ ಸಾಲು ಇತ್ತು: ವಾಹನ ಬಂದ್, ನಡೆದು ಹೋಗುವವರಿಗೆ ಬಿಡುತ್ತಾರೆ.

"ಅಕ್ಕಾ, ಆಚೆ ದಡದಲ್ಲಿ ಗಾಡಿ ಇದೆಯಾ?"

"ನಾಲ್ಕನೇದು ಆಸ್ಪತ್ರೆ ಬಾಗಿಲಲ್ಲೇ ನಿಂತಿದೆ."

"ಅದನ್ನ ಸೇತುವೆ ಆಚೆ ತುದಿಗೆ ಕಳಿಸಿ. ಜನ ನಡ್ಕೊಂಡು ಹೋಗಬಹುದಂತೆ. ಇವರು ಸ್ಟ್ರೆಚರ್ ಹೊತ್ಕೊಂಡು ದಾಟ್ಲಿ."

ಅಕ್ಕ ಅದನ್ನೇ ವೈರ್‌ಲೆಸ್ಸಿನಲ್ಲಿ ಹೇಳಿದರು. "ಸರಿ" ಎಂದ ಅವನು. ಆಮೇಲೆ ಬರೀ ಕರಕರ.

ಸಾಲುಗಳನ್ನು ಮೊದಲಿದ್ದ ಹಾಗೇ ಇಟ್ಟು ಬಿಲ್ಡ್ ಓಡಿಸಿದೆ. ಹದಿನೇಳು ನಿಮಿಷ ಕಳೆಯಿತು. ನಾನೂರ ಹದಿಮೂರು ಹಸಿರಾಯಿತು. ಕಂಟ್ರೋಲ್ ರೂಮಿನಿಂದ ಸುದ್ದಿಯಿಲ್ಲ. ಕೈ ತಡೆಯದೆ ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸಿದೆ, ನನ್ನ ಮೇಲೇ ಸಿಟ್ಟು ಬಂದು ಎಲ್ಲವನ್ನೂ ಡಬ್ಬಿಗೆ ತುರುಕಿದೆ. ಹನ್ನೆರಡೂವರೆಗೆ ಅಕ್ಕನ ಫೋನ್ ಬಂತು. "ಆಸ್ಪತ್ರೆಯವರು ಒಳಗೆ ಸೇರಿಸ್ಕೊಂಡಿದ್ದಾರೆ. ಉಸಿರಿದೆ. ಇನ್ನೇನೂ ಹೇಳಲ್ಲ ಅಂತಾರೆ."

ಸಂಜೆ ಗಂಡ ಬಂದ. ಬೂಟಿನ ತುಂಬ ಸಿಮೆಂಟು. ಒಂದು ಇಲ್ಲಿ, ಒಂದು ಅಲ್ಲಿ ಬಿಟ್ಟು ಒಳಗೆ ಬಂದು ಕೂತ. ನಾನು ಅವನ್ನು ಮುಟ್ಟಲಿಲ್ಲ.

"ಹೆಂಗಿದ್ದಾರೆ ಅವರು?"

"ಬದುಕ್ತಾರೆ ಅಂದ್ರು ಡಾಕ್ಟ್ರು. ಇನ್ನು ಹತ್ತು ನಿಮಿಷ ಹೋಗಿದ್ರೆ ಹೇಳೋಕಾಗ್ತಿರಲಿಲ್ಲವಂತೆ." ಹೆಗಲು ತಿಕ್ಕಿಕೊಂಡ. "ದಾರಿ ಇದೆ ಅಂತ ತೋರಿಸ್ತು ಕಣೇ ಸ್ಕ್ರೀನು. ನೀನು ಹೇಳಿದ್ಯಲ್ಲ, ಅದಕ್ಕೇ ಯಾರನ್ನೂ ಕೇಳ್ಲಿಲ್ಲ."

ಹೇಳಿದೆ. ಶುಕ್ರವಾರ ಸಂಜೆ, ಮೂರು ಸಾಲು, ಚೆಂದ ಕಾಣಲಿ ಎಂದದ್ದು, ಎಲ್ಲ. ಹೇಳುತ್ತಾ ಅಳು ಬಂತು, ಅಳುತ್ತಲೇ ಹೇಳಿ ಮುಗಿಸಿದೆ. ಅವನು ಬೂಟುಗಳ ಕಡೆ ನೋಡಿದ.

"ಆ ಹುಡುಗಿ ಸೇತುವೆ ಉದ್ದಕ್ಕೂ ನನ್ನ ಪಕ್ಕದಲ್ಲೇ ಓಡ್ತಾ ಕೇಳ್ತಿದ್ಲು, ಈ ದಾರಿಗೆ ಯಾಕೆ ಬಂದ್ರಿ, ಯಾಕೆ ಬಂದ್ರಿ ಅಂತ."

"ನೀನೇನಂದೆ?"

"ಗೊತ್ತಿಲ್ಲ ಅಂದೆ. ನಂಗೇನು ಗೊತ್ತಿತ್ತು?"

"ನಾಳೆಯಿಂದ ವೈರ್‌ಲೆಸ್ಸಿನಲ್ಲಿ ಕೇಳ್ಕೊಂಡೇ ಹೋಗು. ಆ ಹುಡುಗಿಗೆ ನಾನೇ ಬಂದು ಹೇಳ್ತೀನಿ."

ಬೇಡ ಎನ್ನುತ್ತಾನೆಂದು ಒಳಗೊಳಗೇ ಕಾದೆ. ಅವನು ಎದ್ದು, ಬೂಟುಗಳನ್ನೆತ್ತಿಕೊಂಡು ನಲ್ಲಿಯ ಕಡೆ ಹೊರಟ.

"ನಾಳೆ ಹತ್ತು ಗಂಟೆಗೆ ವಾರ್ಡೊಳಗೆ ಬಿಡ್ತಾರೆ," ಎಂದ. "ನಾನು ಬಾಗಿಲಲ್ಲಿ ನಿಂತಿರ್ತೀನಿ."