ಮೂಗುಬೊಟ್ಟಿನ ಹಕ್ಕಿ

ಮೂಗು, ಮತ್ತೆ ಅದೇ ಮೂಗು, ಫೋನಿನ ಪರದೆ ತುಂಬ ಬದನೆಕಾಯಿಯಷ್ಟು ದಪ್ಪಗೆ, ಅದೂ ಬಂಗಾರದ ಬಣ್ಣದಲ್ಲಿ, ಥೂ — ಮೂಗಿಗೆ ಹಾಕುವ ಬೊಟ್ಟಿನ ಹೊಳಪಿನೊಳಗೆ ಪಾಲಿಷಕ್ಕನ ಮೂಗೇ ಪ್ರತಿಬಿಂಬವಾಗಿ ಹೋಗಿ ಕೂತರೆ ಹಕ್ಕಿ ಎಲ್ಲಿ ಕೂರಬೇಕು, ಅಲ್ಲೇ ಇದೆ ಅದು, ಅಕ್ಕಸಾಲಿ ಅಣ್ಣ ಕೆತ್ತಿದ್ದಾನೆ, ಸಾಸಿವೆಯಷ್ಟು ಜಾಗದಲ್ಲಿ ರೆಕ್ಕೆ ಇದೆ, ಕೊಕ್ಕಿದೆ, ಕಣ್ಣೂ ಇದೆ ಕಣೇ ಅಂದಿದ್ದ, ಅಣ್ಣನ ಮಾತಿನಲ್ಲಿ ಅರ್ಧ ಬಿಟ್ಟುಬಿಡಬೇಕು ನಿಜ, ಸೊಳ್ಳೆ ಕಾಲಿಗೆ ಗೆಜ್ಜೆ ಮಾಡಿ ಹಾಕಿದ್ದೆ, ಮನೆಯೆಲ್ಲ ಝಣಝಣ ಅಂತಿತ್ತು ಅಂದವನಲ್ಲವೇ, ಆದರೂ ಉಳಿದರ್ಧದಲ್ಲಿ ಒಂದು ಹಕ್ಕಿಗೆ ಜಾಗವಿಲ್ಲವೇ — ಆಯ್ತೇನಕ್ಕಾ, ಬಾಗಿಲ ಬೆಂಚಿನಿಂದ ಹೂವಿನಂಗಡಿಯವಳು, ಬೊಟ್ಟು ಮಾಡಿಸಿದವಳು ಅವಳೇ, ಕೈಯಲ್ಲಿ ಟೀ ಲೋಟ, ಹಕ್ಕಿನೂ ಬೇಡ ಪಕ್ಷಿನೂ ಬೇಡ, ನನ್ನ ಕಣ್ಣಿಗೆ ಕೊಳೆ ಅಂಟಿದ ಹಾಗಿದೆ, ಉಜ್ಜಿ ನುಣ್ಣಗೆ ಮಾಡಿಕೊಡಿ ಸಾಕು. ಉಜ್ಜುವ ಕೈ ಯಾರದು, ಪಾಲಿಷಕ್ಕನದೇ, ಗಿರ್ರೆನ್ನುವ ಚಕ್ರಕ್ಕೆ ಒಂದು ಸಲ ತಾಗಿಸಿದರೆ ಹಕ್ಕಿ ಪುಡಿ — ಉಜ್ಜಿಬಿಡು ತಂಗಿ, ಗಿರಾಕಿ ಕೇಳಿದ ಮೇಲೆ ಮುಗೀತು, ಅಂದ ಅಣ್ಣ, ಗೋಡೆಗೆ ಮುಖ ಮಾಡಿ, ಸೊಳ್ಳೆಗೆ ಗೆಜ್ಜೆ ಹಾಕಿದವನಿಗೆ ಇಷ್ಟು ಸಣ್ಣ ದನಿ ಎಲ್ಲಿಂದ ಬಂತು, ಅದನ್ನು ಕೇಳಲಾಗದೇ ತಾನೇ ಪಾಲಿಷಕ್ಕ ಬಾಯಿ ಬಿಟ್ಟದ್ದು, ತಾಳಮ್ಮಾ, ನಿನ್ನ ಟೀ ಮುಗಿಯೋದ್ರೊಳಗೆ ಫೋಟೋದಲ್ಲಿ ಹಕ್ಕಿ ತೋರಿಸ್ತೀನಿ, ಇಲ್ಲದಿದ್ರೆ ನಾನೇ ಉಜ್ಜಿ ಕೊಡ್ತೀನಿ.

ತೋರಿಸುತ್ತಾಳಂತೆ, ಫೋಟೋ ತೆಗೆಯಲು ಕಲಿತದ್ದೇ ಮೊನ್ನೆ ಮೊನ್ನೆ, ಮೊದಮೊದಲು ಫೋನು ಅಲುಗಿ ಉಂಗುರದ ಫೋಟೋವೆಲ್ಲ ಅರಿಶಿನ ಚೆಲ್ಲಿದ ಹಾಗೆ, ಆಮೇಲೆ ಲೋಟ ಬೋರಲು ಹಾಕಿ ಫೋನನ್ನು ಅದರ ಮೇಲೆ ಕೂರಿಸಿದಳು, ಬೊಟ್ಟಿನ ಕಡ್ಡಿಯನ್ನು ಮೇಣಕ್ಕೆ ಚುಚ್ಚಿ ನಿಲ್ಲಿಸಿದಳು, ಕೂದಲೆಳೆಯಷ್ಟು ಮುಂದೆ ತಳ್ಳಿದರೆ ಅಂಚು ಮಸುಕು, ಹಿಂದೆ ಎಳೆದರೆ ನಡು ಮಸುಕು, ಫೋನಿನ ಕಣ್ಣಿಗೆ ಅಂಟಿಸಿದ ಪುಟ್ಟ ಭೂತಗನ್ನಡಿ ಪಕ್ಕದ ಕನ್ನಡಕದಂಗಡಿಯವನದು, ಕೊಟ್ಟವನೇ ಈಗ ಕಟ್ಟೆ ಮೇಲೆ ನಿಂತು, ಅಣ್ಣಾ, ನಿಮ್ಮ ಹಕ್ಕಿ ನಮ್ಮ ಮಾಡಿನ ಮೇಲೇನಾದ್ರೂ ಕೂತಿದ್ಯಾ ನೋಡ್ಲಾ, ನಗಲಿ, ಹೊಟ್ಟೆ ಹುಣ್ಣಾಗುವಷ್ಟು ನಗಲಿ, ಇವಳು ಬಟ್ಟೆ ತಗೊಂಡು ಬೊಟ್ಟನ್ನು ಇನ್ನೊಮ್ಮೆ ಒರೆಸುತ್ತಾಳೆ, ಇನ್ನೂ ಥಳಥಳ, ಮೂಗು ಇನ್ನೂ ಸ್ಪಷ್ಟ, ಮೂಗಿನ ಹೊಳ್ಳೆ ಕೂಡ ಎಣಿಸಬಹುದು, ಮತ್ತೆ ಒರೆಸುತ್ತಾಳೆ, ಜನ್ಮವಿಡೀ ಹೊಳಪು ಹೊಳಪು ಅಂತ ಉಜ್ಜಿದ ಕೈ, ಹೊಳೆಯದಿದ್ದರೆ ಕಾಣುವುದಾದರೂ ಹೇಗೆ, ಅತ್ತ ಟೀ ಲೋಟದ ತಳ ಕಾಣುತ್ತಿದೆ, ಅಯ್ಯೋ ಉಸ್ಸಪ್ಪಾ — ಅಂದಳು ಅಷ್ಟೇ, ಬಾಯಿಯ ಬಿಸಿಯುಸಿರು ಹೋಗಿ ಬೊಟ್ಟಿನ ಮೇಲೆ ಕೂತು ಬಂಗಾರ ಮಂಜು ಮುಸುಕಿ, ಮೂಗು ಮಾಯ! ಎಲ್ಲಿ ಹೋಯಿತು ಬದನೆಕಾಯಿ, ಅಂಚಿನಿಂದ ಮಂಜು ಕರಗುತ್ತಿದೆ, ಒಂದು ರೆಕ್ಕೆ, ರೆಕ್ಕೆಯಲ್ಲಿ ಗರಿ, ಕೊಕ್ಕು, ಒತ್ತು ಒತ್ತು ಒತ್ತು, ಕ್ಲಿಕ್.

ಹೊಳಪೇ ಅಡ್ಡ ನಿಂತಿತ್ತಲ್ಲೋ ಅಣ್ಣಾ, ನನ್ನ ಪಾಲಿಷೇ ನಿನ್ನ ಹಕ್ಕೀನ ನುಂಗಿತ್ತು, ಅನ್ನುತ್ತಾಳೋ ಕಿರುಚುತ್ತಾಳೋ, ಬೆರಳಿನಿಂದ ಅಗಲಿಸಿದಷ್ಟೂ ಹಕ್ಕಿ ಬೆಳೆಯುತ್ತದೆ, ಪಾರಿವಾಳದಷ್ಟು, ಕೋಳಿಯಷ್ಟು, ನಾಳೆ ಹೇಳುವಾಗ ಹದ್ದಿನಷ್ಟು ಅಂದರಾಯಿತು, ಹೂವಿನಂಗಡಿಯವಳ ಟೀ ಬಾಯಿ ಹತ್ತಿರವೇ ನಿಂತಿದೆ, ಉಜ್ಜೋದಾ, ನನ್ನ ಹಕ್ಕಿ ಮೈ ಯಾರಾದ್ರೂ ಮುಟ್ಲಿ ನೋಡೋಣ, ಕೊಡಿ ಅಕ್ಕಾ ಇಲ್ಲಿ! ಕನ್ನಡಕದಂಗಡಿಯವನು ತನ್ನ ಕನ್ನಡಕ ತೆಗೆದು ಅಂಗಿಗೆ ಒರೆಸಿ ಹಾಕಿಕೊಂಡು, ಮತ್ತೆ ತೆಗೆದು, ಅಣ್ಣಾ, ಕತ್ತು ತಿರುಗಿಸಿ ನೇರ ನನ್ನನ್ನೇ ನೋಡ್ತಿದೆ, ಆದ್ರೆ ಒಂದು ಕಣ್ಣು ಮುಚ್ಚಿದೆಯಲ್ಲ, ಕೆತ್ತೋದು ಮರೆತ್ರಾ — ಗೋಡೆ ಕಡೆಯಿದ್ದ ಅಣ್ಣ ಈಗ ಇತ್ತ ತಿರುಗಿದ್ದಾನೆ, ಹಳೆಯ ದಪ್ಪ ದನಿ ವಾಪಸ್ಸು ಬಂದಿದೆ, ಮರೆಯೋದೆಂಥದಯ್ಯಾ, ನೀನು ನಗ್ತೀಯ ಅಂತ ಕೆತ್ತುವಾಗ್ಲೇ ಗೊತ್ತಿತ್ತು, ಅದಕ್ಕೇ ನಿನಗೆ ಕಣ್ಣು ಹೊಡೀತಿದೆ — ಬೀದಿಯೇ ಹೋ ಎಂದು ನಗುತ್ತಿದೆ, ನಗು ಎಲ್ಲೋ ದೂರದಲ್ಲಿ, ಪಾಲಿಷಕ್ಕನಿಗೆ ಕಾಣುವುದು ಒಂದೇ, ಮುಚ್ಚಿದ ಆ ಕಣ್ಣು, ಕೂದಲಿಗಿಂತ ಸಣ್ಣ ಗೆರೆ, ಗೆರೆಯ ತುದಿ ತುಸು ಮೇಲಕ್ಕೆ, ಮರೆತದ್ದಲ್ಲ, ಬೇಕೆಂದೇ ಕೆತ್ತಿದ್ದು, ಈ ಸಲ ಅಣ್ಣನ ಮಾತಿನಲ್ಲಿ ಅರ್ಧವೂ ಬಿಡುವ ಹಾಗಿಲ್ಲ, ಮುಚ್ಚಿದ ಆ ಕಣ್ಣು, ಆ ಕಣ್ಣು —